ರಾಣೆಬೆನ್ನೂರಿಗೂ ಒಂದು ಸವನ್ನಾ ಇದೆ

ನಮ್ಮ ಆಫೀಸಿನಲ್ಲಿ ಸಫಾರಿ ಅಂದರೆ ಕಬಿನಿ, ಬೋನಸ್ ಚೆನ್ನಾಗಿ ಬಂದ ವರ್ಷ ಮಸಾಯಿ ಮಾರಾ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ಪೆಂಜಾರಿ ಅನ್ನೋ ರಾಷ್ಟ್ರೀಯ ಉದ್ಯಾನ ಇದೆ. ಒಣಹುಲ್ಲಿನ ಬಯಲು, ಅಲ್ಲೊಂದು ಇಲ್ಲೊಂದು ಮರ, ಆನೆ, ಸಿಂಹ, ಜತೆಗೆ ಕಾಬ್ ಅನ್ನೋ ಜಿಂಕೆಯಂಥ ಪ್ರಾಣಿಯ ಹಿಂಡು. ಅದರ ವಿಡಿಯೋ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಆನೆ, ಸಿಂಹ ತೆಗೆದುಬಿಟ್ಟರೆ ಇದು ನಮ್ಮ ಕಾಕಾನ ಹೊಲದ ಆಚೆ ಇರೋ ಜಾಗದ ಹಾಗೇ ಇದೆಯಲ್ಲ!

ಬೆಂಗಳೂರಿಂದ ಸುಮಾರು 300 ಕಿಲೋಮೀಟರ್. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿಲೋಮೀಟರ್. ಕೃಷ್ಣಮೃಗ ಅನ್ನೋದು ಬೋರ್ಡಿನ ಮೇಲಿನ ಹೆಸರು, ನಮ್ಮ ಕಡೆ ಅದು ಚಿಗರಿ. ಹುಬ್ಬಳ್ಳಿ-ಧಾರವಾಡದ ಆ ಏಸಿ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಿದ್ದು ಇದರದ್ದೇ ನೆನಪಿಗೆ.

ಜನವರಿ ಕೊನೆಯಲ್ಲಿ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಕಾಕಾನ ಬೈಕ್ ಹತ್ತಿದ್ವಿ. ಬಯಲು ಕಂಡ ಕೂಡಲೇ ಕಾಕಾ ಗಾಡಿ ಆಫ್ ಮಾಡಿ, ಸುಮ್ಮನೆ ಕೂಡು ಅಂತ ಸನ್ನೆ ಮಾಡಿದ್ರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹುಲ್ಲಿನ ಬಣ್ಣವೇ ಎದ್ದು ನಡೆದ ಹಾಗೆ ಒಂದು ಹೆಣ್ಣು, ಹಿಂದೆ ಮರಿಗಳು, ಎಣಿಸ್ತಾ ಹೋದ್ರೆ ಮೂವತ್ತರ ಮೇಲೆ. ದೂರದಲ್ಲಿ ಒಂದು ಗಂಡು: ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸ್ಕ್ರೂ ತಿರುವಿದಂಥ ಕೊಂಬು. ಗಂಡು ತನ್ನದೊಂದು ಜಾಗ ಹಿಡಿದು, ಅದೇ ಜಾಗದಲ್ಲಿ ಹಿಕ್ಕೆ ಗುಡ್ಡೆ ಹಾಕಿ, ಇನ್ನೊಂದು ಗಂಡು ಒಳಗೆ ಬರದ ಹಾಗೆ ಕಾಯುತ್ತದೆ. ನಮ್ಮ ಲೇಔಟಿನ ಸೈಟ್ ಜಗಳ ನೆನಪಾಯ್ತು.

ಬೈಕ್ ಮತ್ತೆ ಸ್ಟಾರ್ಟ್ ಮಾಡಿದ್ದೇ ತಡ, ಒಂದು ಚಿಮ್ಮಿತು. ಅದರ ಹಿಂದೆ ಇಡೀ ಹಿಂಡು ಚಿಮ್ಮಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ ಇದು. ತೋಳದಿಂದ ತಪ್ಪಿಸಿಕೊಳ್ಳೋಕೆ ಅಷ್ಟು ವೇಗ ಬೇಕಿಲ್ಲ. ಒಂದು ಕಾಲದಲ್ಲಿ ಇದರ ಬೆನ್ನು ಹತ್ತುತ್ತಿದ್ದದ್ದು ಚೀತಾ. 1952ರಲ್ಲಿ ಭಾರತದಲ್ಲಿ ಚೀತಾ ಅಳಿದುಹೋಯಿತು ಅಂತ ಘೋಷಿಸಿದರು. ಇವು ಮಾತ್ರ ಇನ್ನೂ ಅದೇ ಸ್ಪೀಡಲ್ಲಿ ಓಡ್ತಾ ಇವೆ.

ಸ್ವಲ್ಪ ಮುಂದೆ ಹೋದರೆ ಸಾಲು ಸಾಲು ನೀಲಗಿರಿ. ಗೊತ್ತಿಲ್ಲದವರು 'ಎಷ್ಟು ಹಸಿರು!' ಅಂತಾರೆ. ನನಗೆ ಬೇಜಾರಾಗೋದು ಇಲ್ಲೇ. ಹುಲ್ಲಿನ ಬಯಲನ್ನು ಬಂಜರು ಅಂತ ಬರೆದುಕೊಂಡು, ಬಂಜರಲ್ಲಿ ಮರ ನೆಟ್ಟರೆ ಪುಣ್ಯ ಅಂತ ನಂಬಿದ ಕಾಲದ ನೆಡುತೋಪು ಇದು. ಚಿಗರಿಗೆ ಬೇಕಾದ್ದು ನೆರಳಲ್ಲ, ಹುಲ್ಲು ಮತ್ತು ದೂರದವರೆಗೆ ಕಣ್ಣಿಗೆ ಕಾಣೋ ಬಯಲು. ಎರೆಭೂತಕ್ಕೂ ಅದೇ ಬೇಕಿತ್ತು. ಹದಿನೈದು ಕಿಲೋವರೆಗೆ ತೂಗುವ ಆ ದೊಡ್ಡ ಹಕ್ಕಿ ಇರೋ ಜಾಗ ಅಂತಲೂ ಈ ಅಭಯಾರಣ್ಯ ಹೆಸರು ಮಾಡಿತ್ತು. ಈಗ ಇಲ್ಲಿ ಅದರ ಸುಳಿವಿಲ್ಲ. ಕರ್ನಾಟಕದಲ್ಲಿ ಅದನ್ನು ಕಾಣಬೇಕಂದ್ರೆ ಸಿರುಗುಪ್ಪದ ಕಡೆ ಹೋಗಬೇಕು, ಅಲ್ಲೂ ಬೆರಳೆಣಿಕೆಯಷ್ಟು.

ಬಯಲು ಕಡಿಮೆಯಾದರೆ ಚಿಗರಿ ಎಲ್ಲಿಗೆ ಹೋಗಬೇಕು? ಕಾಕಾನ ಹೊಲಕ್ಕೇ ಬರ್ತವೆ. ನಾಲ್ಕು ಎಕರೆ, ಮುಂಗಾರಿಗೆ ಗೋವಿನಜೋಳ.

"ಕಾಡಹಂದಿಗೆ ಹೋಲಿಸಿದ್ರ ಚಿಗರಿ ಪಾಪದ್ವು ಅಲ್ಲೇನ್ ಕಾಕಾ?" ಅಂದೆ.

"ಪಾಪದ್ವು ಖರೇನ. ಮೊಳಕಿ ಎದ್ದ ವಾರದಾಗ ಐವತ್ತು ಪಾಪದ್ವು ಬಂದು ಮೇಯ್ದು ಹೋದ್ರ, ಎರಡನೇ ಸಲ ಬಿತ್ತಾಕ ಬೀಜ ಯಾರ್ ಕೊಡ್ತಾರ ತಮ್ಮಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಕಾಕಾ ರಾತ್ರಿ ಬ್ಯಾಟರಿ ಹಿಡಿದು ಕಾಯ್ತಾರೆ, ತಗಡು ಬಡೀತಾರೆ. ವಿಷ, ಕರೆಂಟು ತಂತಿ ಅಂತ ಯಾರಾದರೂ ಅಂದರೆ ಮಾತ್ರ ಸಿಟ್ಟಿಗೇಳ್ತಾರೆ. ಚಿಗರಿ ಕೊಂದರೆ ಜೈಲು ಅನ್ನೋದು ಒಂದು ಕಡೆ, ಅದಕ್ಕಿಂತ "ಅವು ನಮ್ಮಪ್ಪನ ಕಾಲದಿಂದ ಇದ್ದಾವ" ಅನ್ನೋದೇ ದೊಡ್ಡ ಕಾರಣ. ಬೆಂಗಳೂರಲ್ಲಿ ಕೂತು ವನ್ಯಜೀವಿ ಪೋಸ್ಟಿಗೆ ಲೈಕ್ ಒತ್ತೋ ನಮಗೆ ಇದರ ಲೆಕ್ಕ ತಿಳಿಯಲ್ಲ. ಆ ಹಿಂಡಿನ ಮೇವಿನ ಖರ್ಚಲ್ಲಿ ಒಂದು ಪಾಲು ಕಾಕಾನ ಜೇಬಿಂದಲೇ ಹೋಗ್ತಿದೆ.

ನೀವು ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ, ಮಾಸಲು ಬಣ್ಣದ ಬಟ್ಟೆ ಹಾಕಿ, ಫೋಟೋಗೋಸ್ಕರ ಹಿಂಡಿನ ಹಿಂದೆ ಗಾಡಿ ಓಡಿಸಬೇಡಿ. ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಹುಲಿ ಬೇಕು ಅನ್ನೋರು ಬೇರೆ ಕಡೆ ಹೋಗೋದೇ ಒಳ್ಳೇದು.

ಮಧ್ಯಾಹ್ನ ಬ್ಯಾಡಗಿಗೆ ಹೋದ್ವಿ. ಮೆಣಸಿನಕಾಯಿ ಸೀಜನ್, ಮಾರ್ಕೆಟ್ಟಿನಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು, ಸೀನು ನಿಲ್ಲಲಿಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅಮ್ಮನಿಗೆ ಅಂತ ಎರಡು ಕಿಲೋ ಕಟ್ಟಿಸಿಕೊಂಡೆ.

ರೈಲು ಹತ್ತುವಾಗ ಕಾಕಾ ಒಂದು ಕೆಲಸ ಹೇಳಿದ್ರು. "ನಿಮ್ ಅಪಾರ್ಟ್‌ಮೆಂಟಿನಾಗ ಹಳೇ ಸೀರಿ ಇದ್ರ ಕೇಳಿ ಇಟ್ಟಿರು. ಹೊಲದ ಸುತ್ತ ಕಟ್ಟಾಕ ಬೇಕು, ಬಣ್ಣ ಬಣ್ಣದ್ದು." ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದೀನಿ. ಇಲ್ಲಿವರೆಗೆ ಹನ್ನೊಂದು ಸೀರೆ ಬಂದಿವೆ. ನಾಲ್ಕು ಎಕರೆಗೆ ಇನ್ನೂ ಬೇಕು.