ತೆಂಗಿನ ನಾಡಿನಲ್ಲೊಂದು ಜಡೆ ಕೋಲಾಟ

ಬೆಂಗಳೂರಿನಿಂದ ಶಿವಮೊಗ್ಗದ ಕಡೆಗೆ ಹೊರಟ ಬಸ್ಸು ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಪ್ರಯಾಣಿಕರು ಕಿಟಕಿಯಿಂದಲೇ ಕೈಚಾಚಿ ಕಡಲೆಕಾಯಿ ಕೊಳ್ಳುತ್ತಾರೆ, ಬಸ್ಸು ಮುಂದಕ್ಕೆ ಹೋಗುತ್ತದೆ. ಈ ಊರು ನೋಡಿ ಬಂದೆವು ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಆದರೆ ನಮ್ಮ ಕಡೆಯವರಿಗೆ ‘ಕೆ.ಬಿ. ಕ್ರಾಸ್’ ಎಂದರೆ ಮೂರು ತಾಲ್ಲೂಕುಗಳಿಗೂ ಸೇರಿದ ಅಂಗಳ. ನೇರ ಹೋದರೆ ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರು. ಎಡಕ್ಕೆ ತಿರುಗಿದರೆ ಹೊಯ್ಸಳರ ಗುಡಿಗಳಿರುವ ತುರುವೇಕೆರೆ. ಬಲಕ್ಕೆ, ಹಾಗಲವಾಡಿ ನಾಯಕರ ಹೆಸರು ಹೊತ್ತ ಚಿಕ್ಕನಾಯಕನಹಳ್ಳಿ. ಯಾವ ದಿಕ್ಕಿಗೆ ಹೊರಟರೂ ರಸ್ತೆಯ ಎರಡೂ ಬದಿಗೆ ತೆಂಗು.

ಈ ಕ್ರಾಸಿನ ಶಾಲೆಯೊಂದರ ಅಂಗಳದಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನಾನು ಕುಣಿಯಲು ಕಲಿತೆ.

ನಾನು ಗಣಿತದ ಮೇಡಂ. ಮನೆ ತಿಪಟೂರಿನಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಕಲಿಸುವುದರ ಜೊತೆಗೆ ಮಕ್ಕಳನ್ನು ಸ್ಪರ್ಧೆಗಳಿಗೆ ಸಿದ್ಧಮಾಡಿ ಕರೆದೊಯ್ಯುವುದೂ ನನ್ನ ಪಾಲಿನ ಕೆಲಸ. ಪ್ರತಿಭಾ ಕಾರಂಜಿ ಬಂತೆಂದರೆ ಯಾರಿಗೆ ಕಂಠಪಾಠ, ಯಾರಿಗೆ ಭಾಷಣ ಎಂದು ಪಟ್ಟಿ ಮಾಡುವವಳು ನಾನೇ. “ಹೆದರಬೇಡ, ಎಲ್ಲಾ ಸುಲಭ” ಎಂದು ಬೆನ್ನು ತಟ್ಟಿ ವೇದಿಕೆಗೆ ಹತ್ತಿಸುವವಳೂ ನಾನೇ. ಆದರೆ ನಾನೆಂದೂ ವೇದಿಕೆ ಹತ್ತಿದವಳಲ್ಲ.

ಎರಡು ವರ್ಷದ ಹಿಂದೆ ನನ್ನ ಮಗಳೇ ಕಂಠಪಾಠಕ್ಕೆ ನಿಂತಿದ್ದಳು. ಆಗ ಏಳನೇ ತರಗತಿ. ಮೂರನೇ ಪದ್ಯಕ್ಕೆ ಬಂದವಳು ಥಟ್ಟನೆ ನಿಂತುಬಿಟ್ಟಳು. ತೀರ್ಪುಗಾರರು ಕಾದರು, ಸಭೆ ಕಾದಿತು. ಅವಳು ಕೆಳಗಿಳಿದು ಬಂದಳು. ಅಂದು ಕೆ.ಬಿ. ಕ್ರಾಸಿನಿಂದ ತಿಪಟೂರಿನವರೆಗೆ ಬಸ್ಸಿನಲ್ಲಿ ನಾನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ ಎಂಬುದೇ ನನ್ನ ದೊಡ್ಡತನ ಎಂದುಕೊಂಡಿದ್ದೆ. ಅವಳು ಕಿಟಕಿಯ ಕಡೆಗೆ ಮುಖ ಮಾಡಿ ತೆಂಗಿನ ಮರ ಎಣಿಸುವವಳಂತೆ ಕೂತಿದ್ದಳು. ಆಮೇಲೆ ಅವಳು ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ.

ಸರ್ಕಾರಿ ನೌಕರರಿಗೆ ಕ್ರೀಡಾಕೂಟ ಮತ್ತು ಸಾಂಸ್ಕೃತಿಕ ಸ್ಪರ್ಧೆ ನಡೆಯುವುದು ನಿಮಗೂ ಗೊತ್ತಿರಬಹುದು. ಕಚೇರಿಯ ಗುಮಾಸ್ತರು ಪಂಚೆ ಬಿಟ್ಟು ಚಡ್ಡಿ ತೊಟ್ಟು ಓಡುತ್ತಾರೆ, ನರ್ಸಮ್ಮಂದಿರು ಥ್ರೋಬಾಲ್ ಆಡುತ್ತಾರೆ. ಆ ವರ್ಷದ ಜಿಲ್ಲಾ ಮಟ್ಟದ ಸ್ಪರ್ಧೆಯ ಸುತ್ತೋಲೆ ಬಂದಾಗ ಚಿಕ್ಕನಾಯಕನಹಳ್ಳಿಯಿಂದ ಒಂದು ಫೋನು. ಮಾಡಿದವಳು ಹೊಸದಾಗಿ ನೌಕರಿಗೆ ಸೇರಿದ ಹುಡುಗಿ. ಒಂದು ಕಾಲದಲ್ಲಿ ನನ್ನ ಬಳಿಯೇ ಬೀಜಗಣಿತ ಕಲಿತವಳು. “ಮಿಸ್, ಜಡೆ ಕೋಲಾಟಕ್ಕೆ ಎಂಟು ಜನ ಬೇಕು, ಏಳು ಜನ ಸಿಕ್ಕಿದಾರೆ. ನೀವೊಬ್ರು ಬನ್ನಿ” ಎಂದಳು. “ನನಗೆ ಮಂಡಿನೋವು ಕಣೇ” ಎಂದೆ. “ನೀವೇ ಹೇಳ್ತಿದ್ರಲ್ಲ ಮಿಸ್, ಹೆದರಬೇಡ, ಎಲ್ಲಾ ಸುಲಭ ಅಂತ” ಎಂದು ನಕ್ಕಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗೆ ಶನಿವಾರ ಶಾಲೆ ಬಿಟ್ಟ ಮೇಲೆ ಮೂರು ದಿಕ್ಕಿನಿಂದ ನಾವು ಎಂಟು ಜನ ಹೆಂಗಸರು ಕೆ.ಬಿ. ಕ್ರಾಸಿಗೆ ಬಂದು ಸೇರತೊಡಗಿದೆವು.

ಜಡೆ ಕೋಲಾಟ ನೋಡದವರಿಗೆ ಎರಡು ಮಾತು. ನಡುವೆ ಒಂದು ಎತ್ತರದ ಬಿದಿರು ಗಳ. ಅದರ ತುದಿಯಿಂದ ಎಂಟು ಹಗ್ಗಗಳು ಇಳಿಬಿದ್ದಿರುತ್ತವೆ. ಪ್ರತಿಯೊಬ್ಬರೂ ಎಡಗೈಯಲ್ಲಿ ಒಂದು ಹಗ್ಗವನ್ನೂ ಕೋಲನ್ನೂ ಹಿಡಿದು ಬಲಗೈಯಲ್ಲಿ ಇನ್ನೊಂದು ಕೋಲು ಹಿಡಿಯಬೇಕು. ನಾಲ್ವರು ಬಲಕ್ಕೆ ಸುತ್ತಿದರೆ ನಾಲ್ವರು ಎಡಕ್ಕೆ. ಎದುರಾದವರ ಕೋಲಿಗೆ ಕೋಲು ತಾಗಿಸಿ, ಒಬ್ಬರನ್ನು ಹೊರಗಿನಿಂದ ದಾಟಿದರೆ ಮುಂದಿನವರನ್ನು ಒಳಗಿನಿಂದ ದಾಟಬೇಕು. ಹೀಗೆ ಹೊರಗೆ, ಒಳಗೆ ಎನ್ನುತ್ತ ಸುತ್ತಿದಂತೆ ಗಳದ ತುದಿಯಿಂದ ಜಡೆ ಹೆಣೆದುಕೊಳ್ಳುತ್ತ ಇಳಿಯುತ್ತದೆ. ಆಮೇಲೆ ಎಲ್ಲರೂ ತಿರುಗಿ, ಬಂದ ದಾರಿಯಲ್ಲೇ ವಾಪಸು ಹೋದರೆ ಜಡೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವುದು ಅರ್ಧ ಕೆಲಸ ಮಾತ್ರ, ಬಿಚ್ಚುವುದೇ ಪರೀಕ್ಷೆ. ಎಂಟು ಜನರಲ್ಲಿ ಒಬ್ಬಳು ಒಂದೇ ಒಂದು ಸಲ ತಪ್ಪಿದರೂ ಸಾಕು, ಬಿಚ್ಚುವಾಗ ಅಲ್ಲಿಗೆ ಬಂದು ಜಡೆ ಗಂಟಾಗುತ್ತದೆ.

ನಮಗೆ ಕಲಿಸಲು ಬಂದವರು ನೊಣವಿನಕೆರೆ ಕಡೆಯ ಹಳ್ಳಿಯೊಂದರ ಅಜ್ಜ. ವಯಸ್ಸು ಎಂಬತ್ತರ ಹತ್ತಿರ. ನಾವು ಬಣ್ಣಬಣ್ಣದ ಸೀರೆ ಅಂಚುಗಳನ್ನು ಹೊಲಿದು ಪಟ್ಟಿ ಮಾಡಿಕೊಂಡು ಹೋಗಿದ್ದೆವು. ಅಜ್ಜ ಅದನ್ನು ಮುಟ್ಟಲೂ ಇಲ್ಲ. ತೆಂಗಿನ ನಾರಿನ ಹಗ್ಗ ತರಿಸಿದರು. ಒಂದೇ ದಿನದಲ್ಲಿ ಅಂಗೈ ಉರಿದುಹೋಯಿತು. “ಬಟ್ಟೆ ಜಾರ್ಕಂತದೆ ಕಣವ್ವ, ತಪ್ಪು ಮುಚ್ಕಂತದೆ. ನಾರು ಮುಚ್ಚಲ್ಲ. ಮೊದ್ಲು ನಾರಲ್ಲಿ ಕಲೀರಿ” ಎಂದರು. ಕೋಲಿನ ಕಡೆ ನೋಡುತ್ತ ಹೆಜ್ಜೆ ತಪ್ಪಿದಾಗಲೆಲ್ಲ ಅವರದು ಒಂದೇ ಮಾತು: “ಕೋಲು ಕೈಲಿಲ್ಲ, ಕಾಲಲ್ಲೈತೆ.”

ಮೊದಲ ಮೂರು ಶನಿವಾರ ನಾವು ಹೆಣೆದದ್ದು ಜಡೆಯಲ್ಲ, ಗೋಜಲು. ಗಳ ಹಿಡಿದು ನಿಲ್ಲಲು ಒಪ್ಪಿಕೊಂಡಿದ್ದ ತುರುವೇಕೆರೆಯ ಡ್ರಾಯಿಂಗ್ ಮೇಷ್ಟ್ರು, “ಮೇಡಂ, ನನ್ನನ್ನೇ ಕಟ್ಟಿಹಾಕ್ತಿದೀರಲ್ಲ” ಎನ್ನುತ್ತಿದ್ದರು. ಕಾಂಪೌಂಡಿನ ಆಚೆ ನಿಂತ ಹುಡುಗರು ನಗುತ್ತಿದ್ದರು. ಅವರಲ್ಲಿ ನನ್ನ ತರಗತಿಯಲ್ಲಿ ಲೆಕ್ಕ ತಪ್ಪಿ ತಲೆತಗ್ಗಿಸಿ ನಿಂತವರೂ ಇದ್ದರು. ಅರ್ಥವಾಗದ ಪಾಠದ ಮುಂದೆ ನಿಂತ ಮಗುವಿಗೆ ಹೇಗಾಗುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ತಿಳಿಯದ್ದು ನನಗೆ ಮೂರು ಶನಿವಾರದಲ್ಲಿ ತಿಳಿಯಿತು.

ಮನೆಯಲ್ಲಿ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ, “ಈ ವಯಸ್ಸಿಗೆ ಇದೆಲ್ಲ ಬೇಕಿತ್ತೆ?” ಎಂದು ಗೊಣಗಿದೆ. ಮಗಳು ಏನನ್ನೋ ಹುಡುಕಿ ಫೋನನ್ನು ನನ್ನ ಮುಂದೆ ಹಿಡಿದಳು. ಹೆಪ್ಪುಗಟ್ಟಿದ ನೀರಿನ ಮೇಲೆ ಒಂದು ಗಂಡು, ಒಂದು ಹೆಣ್ಣು ಕೈಹಿಡಿದು ತೇಲುವಂತೆ ಕುಣಿಯುತ್ತಿದ್ದರು. ಐಸ್ ಡಾನ್ಸ್. ಇದರಲ್ಲಿ ಜೊತೆಗಾತಿಯನ್ನು ತಲೆಯ ಮೇಲಕ್ಕೆ ಎತ್ತುವಂತಿಲ್ಲ, ಗಾಳಿಯಲ್ಲಿ ಎಸೆಯುವಂತಿಲ್ಲ. ಹೆಜ್ಜೆ, ತಾಳ, ಜೊತೆಗಾರರ ಹೊಂದಾಣಿಕೆ ಇವೇ ಮುಖ್ಯ. ಕೆಲವು ನೃತ್ಯಗಳಲ್ಲಂತೂ ಯಾವ ಹೆಜ್ಜೆ ಎಲ್ಲಿ ಬೀಳಬೇಕೆಂಬ ನಕ್ಷೆಯೇ ಇದೆ, ಎಲ್ಲ ಜೋಡಿಗಳೂ ಅದನ್ನೇ ಅನುಸರಿಸಬೇಕು. “ನಿಮ್ಮ ಕೋಲಾಟವೇ ಅಲ್ವೇನಮ್ಮ ಇದು, ಕಾಲಿಗೆ ಕತ್ತಿ ಕಟ್ಟಿಕೊಂಡಿದಾರೆ ಅಷ್ಟೆ” ಎಂದಳು ಮಗಳು.

ಅವಳು ತೋರಿಸಿದ ಜೋಡಿ ಇಂಗ್ಲೆಂಡಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್. 1976ರಲ್ಲಿ ಐಸ್ ಡಾನ್ಸ್ ಚಳಿಗಾಲದ ಒಲಿಂಪಿಕ್ಸ್ ಸೇರಿತು. 1984ರಲ್ಲಿ ಸರಾಯೆವೊದಲ್ಲಿ ಈ ಇಬ್ಬರು ಚಿನ್ನ ಗೆದ್ದಾಗ, ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ಪೂರ್ತಿ ಆರಕ್ಕೆ ಆರು ಅಂಕ ಕೊಟ್ಟಿದ್ದರು. ನನಗೆ ಹಿಡಿಸಿದ್ದು ಬೇರೆಯ ಸಂಗತಿ. ಆಟವನ್ನೇ ನಂಬಿ ಹೊರಡುವ ಮೊದಲು ಆಕೆ ವಿಮಾ ಕಚೇರಿಯಲ್ಲಿ ಗುಮಾಸ್ತೆ, ಆತ ಪೊಲೀಸ್ ಪೇದೆ. ನಮ್ಮಂತೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಜನವೇ!

ಅದಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು ಇನ್ನೊಂದು ಸುದ್ದಿ. ಜರ್ಮನಿಯ ದಕ್ಷಿಣದ ತುದಿಯಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿ, ಓಬರ್ಸ್ಟ್‌ಡಾರ್ಫ್ ಎಂಬ ಊರಿದೆ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2005ರಲ್ಲಿ ಅಲ್ಲಿ ವಯಸ್ಕರಿಗೆಂದೇ ಸ್ಪರ್ಧೆ ಆರಂಭಿಸಿತು. ಇಪ್ಪತ್ತೆಂಟು ತುಂಬಿದ ಮೇಲೆಯೇ ಅಲ್ಲಿ ಪ್ರವೇಶ. ವಯಸ್ಸಿಗೆ ತಕ್ಕಂತೆ ಹತ್ತು ಹತ್ತು ವರ್ಷದ ವಿಭಾಗಗಳು. ಅರವತ್ತು ದಾಟಿದವರಿಗೂ ಜಾಗವಿದೆ. ಅಮೆರಿಕದಲ್ಲಿ ಇಂಥದ್ದು 1995ರಲ್ಲೇ ಶುರುವಾಗಿತ್ತು. ಬೀಳುತ್ತೇವೆಂದು ಗೊತ್ತಿದ್ದೂ ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಇಳಿಯುವ ಅಜ್ಜಿ ತಾತಂದಿರು ಅವರು. ನಮ್ಮದು ಮಣ್ಣಿನ ಅಂಗಳ, ಬಿದ್ದರೂ ಅಷ್ಟೇನೂ ಪೆಟ್ಟಾಗದು.

ಅತ್ತೆಯವರದ್ದು ಇನ್ನೊಂದು ಬಗೆಯ ಧೈರ್ಯ. ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತದೆ ಗೊತ್ತಲ್ಲ? ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹರಡಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಶಬ್ದ. ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸುತ್ತ ಅತ್ತೆ ಹೇಳಿದರು: “ಕಾಯಿ ಒಂದು ವರ್ಷ ಸುಮ್ನೆ ಕೂತು ಆಮೇಲೆ ಶಬ್ದ ಮಾಡ್ತದೆ. ನೀನು ನಲವತ್ತಾರು ವರ್ಷ ಕೂತಿದೀಯ. ಹೋಗು, ಶಬ್ದ ಮಾಡು.”

ಸ್ಪರ್ಧೆಯ ದಿನ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರಕ್ಕೆ ಬೆಳಿಗ್ಗೆಯೇ ಹೋದೆವು. ಹತ್ತು ತಾಲ್ಲೂಕುಗಳ ಜನ. ಅಷ್ಟು ವರ್ಷ ಕಚೇರಿ ಕಿಟಕಿಯ ಆಚೆಗೆ ಕಂಡವರೆಲ್ಲ ಅಂದು ಮುಖಕ್ಕೆ ಬಣ್ಣ ಬಳಿದುಕೊಂಡು ಕೂತಿದ್ದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದ ಕಂದಾಯ ಇಲಾಖೆಯವರೊಬ್ಬರು ವೀರಗಾಸೆಯ ವೇಷದಲ್ಲಿ ಮೂಲೆಯಲ್ಲಿ ನಿಂತು ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ಅವರ ಕೈ ನಡುಗುತ್ತಿತ್ತು. ನನ್ನ ಕೈಯೂ. ಪ್ರೇಕ್ಷಕರ ನಡುವೆ ಮಗಳು ಕೂತಿದ್ದಳು. ಬಾ ಎಂದು ನಾನು ಕರೆದಿರಲಿಲ್ಲ, ತಾನಾಗಿ ಬಂದಿದ್ದಳು.

ನಮ್ಮ ಸರದಿ ಬಂತು. ಹಾಡು ಆರು ನುಡಿಗೆ ಹೆಣೆದು, ಆರು ನುಡಿಗೆ ಬಿಚ್ಚುವಂತೆ. ಮೂರು ನುಡಿ ಸರಾಗವಾಗಿ ಹೋಯಿತು. ಜಡೆ ಗಳದಿಂದ ಇಳಿಯುವುದನ್ನು ಕಂಡು ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯೇ ನನ್ನ ಗಮನ ತಪ್ಪಿಸಿತು. ನಾಲ್ಕನೇ ನುಡಿಯಲ್ಲಿ ಚಿಕ್ಕನಾಯಕನಹಳ್ಳಿಯ ಹುಡುಗಿ ಎದುರಾದಾಗ ಹೊರಗೆ ಹೋಗಬೇಕಾದವಳು ಒಳಗೆ ನುಗ್ಗಿಬಿಟ್ಟೆ. ಡಿಕ್ಕಿಯಾಗಬೇಕಿತ್ತು. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ ಸರಿದುಕೊಂಡಳು. ಕೋಲು ತಾಗಿತು, ತಾಳ ತಪ್ಪಲಿಲ್ಲ. ಸಭೆಗೆ ಏನೂ ಗೊತ್ತಾಗಲಿಲ್ಲ. ಆದರೆ ಜಡೆಯೊಳಗೆ ನನ್ನ ತಪ್ಪು ಹೆಣೆದುಕೊಂಡಿತ್ತು.

ಉಳಿದ ನುಡಿಗಳನ್ನು ಹೇಗೆ ಮುಗಿಸಿದೆನೋ ತಿಳಿಯದು. ಬಾಯಿ ಒಣಗಿತ್ತು. ತಿರುಗಿ ಬಿಚ್ಚಲು ನಿಂತಾಗ, ಎಲ್ಲರೂ ನೋಡುತ್ತಿರುವಂತೆಯೇ ಜಡೆ ಸಿಕ್ಕಿಕೊಳ್ಳುತ್ತದೆ, ಏಳು ಜನರ ಶ್ರಮ ನನ್ನಿಂದ ಹಾಳಾಗುತ್ತದೆ ಎಂಬುದೊಂದೇ ಯೋಚನೆ. ಕೋಲು ಇಟ್ಟು ಇಳಿದು ಓಡಿಹೋಗಬೇಕೆನಿಸಿತು. ಮಗಳು ಅಂದು ನಿಂತಿದ್ದುದು ಇದೇ ಜಾಗದಲ್ಲಿ.

ಬಿಚ್ಚುವ ಮೊದಲನೇ ನುಡಿಯಲ್ಲಿ ಆ ಹುಡುಗಿ ಎದುರಾದಳು. ಕೋಲು ತಾಗಿಸುತ್ತ ಪಿಸುಗುಟ್ಟಿದಳು: “ಮಿಸ್, ಮೂರನೇ ನುಡಿ. ಮತ್ತೆ ಒಳಗೇ ಬನ್ನಿ.”

ಗಣಿತದ ಮೇಡಂಗೆ ಲೆಕ್ಕ ಆಗ ಹೊಳೆಯಿತು. ಆರು ಮೊದಲು ಬಿಚ್ಚುತ್ತದೆ, ಆಮೇಲೆ ಐದು, ಆಮೇಲೆ ನಾಲ್ಕು. ಹೆಣೆಯುವಾಗ ನಾಲ್ಕನೆಯದರಲ್ಲಿ ಮಾಡಿದ ತಪ್ಪು ಬಿಚ್ಚುವಾಗ ಮೂರನೆಯದಕ್ಕೆ ಬರುತ್ತದೆ. ಅಲ್ಲಿ ಸರಿಯಾದ ಹೆಜ್ಜೆ ಹಾಕಿದರೆ ಗಂಟು. ಅದೇ ತಪ್ಪನ್ನು, ಅದೇ ಜಾಗದಲ್ಲಿ, ಈ ಸಲ ಗೊತ್ತಿದ್ದು ಮಾಡಬೇಕು. ತಪ್ಪು ಮಾಡಿದ ಜಾಗ ನೆನಪಿರಬೇಕು, ಎದುರಿಗಿರುವವರಿಗೂ ನೆನಪಿರಬೇಕು. ಮೂರನೇ ನುಡಿ ಬಂತು. ಅವಳು ಹೊರಗೆ, ನಾನು ಒಳಗೆ. ಹಗ್ಗ ಒಂದು ಕ್ಷಣ ಬಿಗಿಯಿತು, ಆಮೇಲೆ ಸಡಿಲವಾಗಿ ಇಳಿಯಿತು. ಆರನೇ ನುಡಿಗೆ ಎಂಟೂ ಪಟ್ಟಿಗಳು ಬಿಡಿಬಿಡಿಯಾಗಿ ನಮ್ಮ ಕೈಯಲ್ಲಿದ್ದವು.

ನಮಗೆ ಬಹುಮಾನ ಬರಲಿಲ್ಲ. ಬಂದವರು ನಮಗಿಂತ ಚೆನ್ನಾಗಿಯೇ ಕುಣಿದಿದ್ದರು. ವೀರಗಾಸೆಯ ಹಿರಿಯರು ವೇದಿಕೆ ಇಳಿದು ಬಂದು, ಗಳ ಬಿಚ್ಚುತ್ತಿದ್ದ ಡ್ರಾಯಿಂಗ್ ಮೇಷ್ಟ್ರ ಬೆನ್ನು ತಟ್ಟಿ, “ನಾಲ್ಕನೇದರಲ್ಲಿ ಏನೋ ಆಯ್ತಲ್ವಾ? ಚೆನ್ನಾಗಿ ಬಿಚ್ಚಿದ್ರಿ” ಎಂದು ಹೋದರು. ನೋಡುವ ಕಣ್ಣಿದ್ದವರಿಗೆ ಕಂಡಿತ್ತು!

ಸಂಜೆಯ ಬಸ್ಸಿನಲ್ಲಿ ಮಗಳು ಪಕ್ಕದಲ್ಲಿ ಕೂತಳು. ಗುಬ್ಬಿಯಲ್ಲಿ ಇಳಿದು ಕಡಲೆಕಾಯಿ ಪೊಟ್ಟಣ ತಂದು ನನ್ನ ಮಡಿಲಲ್ಲಿಟ್ಟಳು. “ಕಾಲು ನೋಯ್ತಿದೆಯಾಮ್ಮ?” ಎಂದಳು. ಎರಡು ವರ್ಷದ ಹಿಂದೆ ನಾನು ಅವಳನ್ನು ಕೇಳಬೇಕಿದ್ದದ್ದು ಇಂಥದ್ದೇ ಒಂದು ಮಾತು. ತೆಂಗಿನ ಸಸಿ ನೆಟ್ಟು ಫಲಕ್ಕೆ ಆರೇಳು ವರ್ಷ ಕಾಯುವ ಜನ ನಾವು. ಮಗುವಿಗೆ ಮಾತ್ರ ಮೂರನೇ ಪದ್ಯ ನೆನಪಾಗುವವರೆಗೂ ಕಾಯಲಿಲ್ಲ.

ಕೆ.ಬಿ. ಕ್ರಾಸ್ ದಾಟಿದ ಮೇಲೆ ಹೇಳಿದೆ: “ಅವತ್ತು ಇದೇ ದಾರೀಲಿ ನಾನು ನಿನ್ನ ಜೊತೆ ಮಾತಾಡಲಿಲ್ಲ. ತಪ್ಪಾಯ್ತು.”

ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ತೋಟಗಳ ಮೇಲೆ ಕತ್ತಲು ಇಳಿಯುತ್ತಿತ್ತು. “ಮೂರನೇ ಪದ್ಯ ಮನೆಗೆ ಬಂದ ಮೇಲೆ ನೆನಪಾಗಿತ್ತು” ಎಂದಳು. “ಈಗ ಹೇಳ್ಲಾ?”

ಹೇಳು ಎಂದೆ. ತಿಪಟೂರು ಬರುವವರೆಗೂ ಹೇಳಿದಳು. ಮುಂದಿನ ಸೀಟಿನಲ್ಲಿದ್ದವರೊಬ್ಬರು ತಿರುಗಿ ಕೂತು ಕೇಳಿದರು.

ಶನಿವಾರದ ಕೋಲಾಟ ಈಗಲೂ ನಡೆದಿದೆ. ಅಜ್ಜ ಇನ್ನೂ ನಾರಿನ ಹಗ್ಗ ಬಿಟ್ಟಿಲ್ಲ. ನಿಮ್ಮ ಬಸ್ಸು ಮಧ್ಯಾಹ್ನ ಕೆ.ಬಿ. ಕ್ರಾಸಿನಲ್ಲಿ ನಿಂತಾಗ ಕೋಲಿನ ಸದ್ದು ಕೇಳಿದರೆ ಒಂದು ಗಳಿಗೆ ಇಳಿದು ಬನ್ನಿ. ಮಕ್ಕಳನ್ನೂ ಕರೆತನ್ನಿ. ಅವರು ಕಾಂಪೌಂಡಿನ ಆಚೆ ನಿಂತು ನೋಡಲಿ, ನೀವು ಒಳಗೆ ಬಂದು ಒಂದು ಹಗ್ಗ ಹಿಡಿಯಿರಿ.