ತೂಕ ಮತ್ತು ತತ್ತ್ವ

ಅಳದಂಗಡಿಯಲ್ಲಿ ಅಡಿಕೆ, ಕಾಳುಮೆಣಸು ತೂಗುತ್ತ ಬಾಳಿದ ನನಗೆ ತಕ್ಕಡಿಯ ಸತ್ಯವೂ ಗೊತ್ತು, ಮಿತಿಯೂ ಗೊತ್ತು. ಅದು 'ಎಷ್ಟು' ಎನ್ನುತ್ತದೆ, 'ಏನು' ಎನ್ನದು. 1889ರಿಂದ ಪ್ಯಾರಿಸ್ ಬಳಿಯ ಒಂದು ಲೋಹದ ಬಟ್ಟು ಕಿಲೋಗ್ರಾಮಿಗೆ ಪ್ರಮಾಣವಾಗಿತ್ತು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವೇ ಆಧಾರ. ಅಳತೆ ಸೂಕ್ಷ್ಮವಾಯಿತು, ಅಳೆಯಲ್ಪಡುವ ವಸ್ತು ಮೂಲತಃ ಏನೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಎಲೆಕ್ಟ್ರಾನಿನ ರಾಶಿ, ವಿದ್ಯುದಂಶಗಳನ್ನು ವಿಜ್ಞಾನ ನಿಖರವಾಗಿ ಹೇಳುತ್ತದೆ. ಅವು ಗುಣಗಳು, ಆ ಗುಣಗಳುಳ್ಳ ದ್ರವ್ಯದ ವಿಚಾರ ಬೇರೆ.

ಹಾಗೆಂದು ವಿಜ್ಞಾನವನ್ನು ಹಳಿಯುವುದು ಅನೇಕಾಂತಿಗಳಿಗೆ ಸಲ್ಲದು. ಅದೊಂದು ನಯ, ತನ್ನ ಎಲ್ಲೆಯೊಳಗೆ ಸತ್ಯ. ತಾನೇ ಪೂರ್ಣವೆಂದಾಗ ಮಾತ್ರ ದುರ್ನಯ. ಈ ಎಚ್ಚರ ನಮಗೂ ಬೇಕು. 'ಪರಮಾಣು' ಎಂಬ ಪದ ಆಗಮದಲ್ಲಿದೆಯೆಂಬ ಮಾತ್ರಕ್ಕೆ ಪ್ರಯೋಗಶಾಲೆಯ ಶೋಧವೆಲ್ಲ ನಮ್ಮದೆನ್ನುವುದು ಕಳ್ಳತೂಕ. ಕಳ್ಳತೂಕವು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಅದು ಅಂಗಡಿಗೆ ಮಾತ್ರ ಮೀಸಲಲ್ಲ.