ಅಲ್ಲಾಡದೆ ಕುಣಿಗಲ್ ತಲುಪಿದ ಸೈಕಲ್

ಕ್ಯಾತ್ಸಂದ್ರದಲ್ಲಿ ಎಲ್ಲರೂ ಕಾರು ನಿಲ್ಲಿಸೋದು ತಟ್ಟೆ ಇಡ್ಲಿಗೆ. ಆ ಶನಿವಾರ ಬೆಳಿಗ್ಗೆ ನಾನು ನಿಲ್ಲಿಸಿದ್ದು ಭಯಕ್ಕೆ. ನೆಲಮಂಗಲ ದಾಟಿದಾಗಿನಿಂದ ಹಿಂದಿನ ರ‍್ಯಾಕ್‌ನಲ್ಲಿದ್ದ ಎರಡು ಸೈಕಲ್‌ಗಳು ಕನ್ನಡಿಯಲ್ಲಿ ತಲೆದೂಗುತ್ತಲೇ ಇದ್ದವು. ಒಂದು ಹಂಪ್ ಹಾರಿದಾಗ ರ‍್ಯಾಕ್ ಪೂರ್ತಿ ವಾಲಿತು. ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಒಬ್ಬರು ಬರುತ್ತಿದ್ದರು. ನನ್ನ ಕೈ ತಣ್ಣಗಾಯಿತು.

ಅಪ್ಪ ಹುಟ್ಟಿ ಬೆಳೆದದ್ದು ಕುಣಿಗಲ್‌ನಲ್ಲಿ. ಮಂಡಿ ನೋವಿನಿಂದ ಎರಡು ವರ್ಷ ಸೈಕಲ್ ಮುಟ್ಟಿರಲಿಲ್ಲ. ಈಗ ಡಾಕ್ಟರು ನಿಧಾನಕ್ಕೆ ತುಳಿಯಬಹುದು ಅಂದಿದ್ದರು. ಮೊದಲ ಸವಾರಿ ಕುಣಿಗಲ್ ಕೆರೆ ಏರಿ ಮೇಲೇ ಆಗಬೇಕು ಅಂತ ಅವರ ಹಟ.

ಇಡ್ಲಿ ತಿಂದು ರ‍್ಯಾಕ್ ಅಲ್ಲಾಡಿಸಿ ನೋಡಿದೆ. ಸೈಕಲ್ ಕಟ್ಟಿದ ಪಟ್ಟಿ ಬಿಗಿಯಾಗೇ ಇತ್ತು. ಆಟ ಇದ್ದದ್ದು ಬುಡದಲ್ಲಿ. ಬಂಪರ್ ಕೆಳಗಿನ ಚೌಕ ಕೊಳವೆಯೊಳಗೆ ರ‍್ಯಾಕಿನ ಕೊಳವೆ ಸಡಿಲವಾಗಿ ಕೂತಿತ್ತು. ಒಳಗೆ ಸೇರಿದ್ದು 20 ಸೆಂ.ಮೀ., ಅಲ್ಲಿ 2 ಮಿ.ಮೀ. ಸಂದು ಇದ್ದರೂ 80 ಸೆಂ.ಮೀ. ಆಚೆ ಅದು 8 ಮಿ.ಮೀ. ಆಗುತ್ತೆ. ಇಂಜಿನಿಯರಿಂಗ್ ಓದಿದ ನಾನು ಇದನ್ನು ಮನೆಯಲ್ಲೇ ನೋಡಬೇಕಿತ್ತು!

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ವೆಲ್ಡಿಂಗ್ ಅಂಗಡಿ ಸಿಕ್ಕಿತು. ತಗಡಿನ ಚೂರು ತುರುಕಿಬಿಡೋಣವೇ ಅಂದೆ. "ಬೇಡಿ ಸಾರ್, ನಾಕು ಗುಂಡಿ ಹಾರಿದ್ರೆ ಉದುರೋಗುತ್ತೆ. ಈ ಪಿನ್ನು ರ‍್ಯಾಕ್ ಕಳಚಿಕೊಳ್ದಂಗೆ ತಡೆಯುತ್ತೆ ಅಷ್ಟೆ, ಅಲ್ಲಾಡೋದನ್ನ ತಡೆಯಲ್ಲ" ಅಂದರು. ಮೊದಲು ಬ್ಯಾಟರಿ ವೈರ್ ಬಿಚ್ಚಿಸಿದರು. ಹೊರ ಕೊಳವೆಯ ತಳದಲ್ಲಿ ತೂತು ಕೊರೆದು, ನಟ್ ವೆಲ್ಡ್ ಮಾಡಿ, 12 ಮಿ.ಮೀ. ಬೋಲ್ಟ್ ತಿರುಗಿಸಿದರು. ಬೋಲ್ಟ್ ಒಳಕೊಳವೆಯನ್ನು ಮೇಲಕ್ಕೆ ಒತ್ತಿ ಹಿಡಿಯಿತು. ಅದು ಸಡಿಲವಾಗದಂತೆ ಇನ್ನೊಂದು ನಟ್. ಭಾರದ ಸೈಕಲನ್ನು ಕಾರಿನ ಕಡೆಗೆ ಹಾಕಿ, ಎರಡನ್ನೂ ಒಂದಕ್ಕೊಂದು ಕಟ್ಟಿ, ಮುಂದಿನ ಚಕ್ರ ತಿರುಗದಂತೆ ಬಿಗಿದರು. "ಯಜಮಾನ್ರೇ, ಗುಬ್ಬಿಗೋದ್ಮೇಲೆ ಒಂದ್ಸಲ ಟೈಟ್ ಮಾಡಿಸಿ" ಅಂತ ಅಪ್ಪನಿಗೆ ಹೇಳಿದರು. ನನ್ನ ಮೇಲೆ ಅವರಿಗೆ ನಂಬಿಕೆ ಬಂದಂತಿರಲಿಲ್ಲ.

ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಗೆ ಕೈ ಮುಗಿದೆವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೂ ಈ ಸ್ವಾಮಿಯದೇ ಹೆಸರು. ಮುಂದೆ ವೀರಣ್ಣನವರು ಅದನ್ನು ನಾಡಿಗೆಲ್ಲ ಮುಟ್ಟಿಸಿದರು. ಅಪ್ಪ ಆ ಕಥೆ ಹೇಳುತ್ತಿದ್ದಾಗಲೇ ನಾನು ಸ್ಪ್ಯಾನರ್ ಹಾಕಿದೆ. ಬೋಲ್ಟ್ ಅರ್ಧ ಸುತ್ತು ತಿರುಗಿತು. ಮೆಕ್ಯಾನಿಕ್ ಮಾತು ನಿಜ.

ತುಮಕೂರಿಗೆ ವಾಪಸ್ ಬಂದು ಹೆಬ್ಬೂರಿನ ಮೇಲೆ ಕುಣಿಗಲ್ ದಾರಿ ಹಿಡಿದೆವು. ರಸ್ತೆಯಲ್ಲಿ ಹಂಪುಗಳಿಗೆ ಬರವಿರಲಿಲ್ಲ. ಕನ್ನಡಿಯಲ್ಲಿ ಸೈಕಲ್‌ಗಳು ಕಾರಿನ ಜೊತೆಗೇ ಎದ್ದು ಬೀಳುತ್ತಿದ್ದವು, ತಾವಾಗಿ ಕುಣಿಯುತ್ತಿರಲಿಲ್ಲ.

ಜನಪದ ಹಾಡಿನಿಂದ ಹೆಸರಾದ ಆ ಕೆರೆಯ ಮೇಲೆ ಸಂಜೆ ಗಾಳಿ ಬೀಸುತ್ತಿತ್ತು. ಅಪ್ಪ ಸೈಕಲ್ ಹತ್ತಿದರು. ಮೊದಲ ಹತ್ತು ಮಾರು ಹ್ಯಾಂಡಲ್ ಅತ್ತಿತ್ತ ಓಲಾಡಿತು. ಹಿಡಿಯಲು ಓಡಿದೆ.

"ಬಿಡೋ, ಇದಕ್ಕೆ ಬೋಲ್ಟ್ ಬೇಕಾಗಿಲ್ಲ" ಅಂದರು. ಆಮೇಲೆ ನೆಟ್ಟಗೆ ಹೋದರು.